ಚಿತ್ರದಲ್ಲಿಲ್ಲದ ಬಾಣ

ಗ್ಲೆನಿಸ್,

‘ಪ್ರೀತಿಯ’ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಹ್ಯಾಮಿಲ್ಟನ್ನಿನಲ್ಲಿ ನಾವಿಬ್ಬರೂ ಒಟ್ಟಿಗಿದ್ದ ಆ ಬಾಡಿಗೆ ಮನೆಯಲ್ಲಿ ‘ಹಾಲು ಮುಗಿದಿದೆ’ ಎಂದು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸುವಾಗಲೂ ನಿನ್ನ ಹೆಸರಿನ ಹಿಂದೆ ಆ ಪದ ಇರುತ್ತಿತ್ತು. ಇವತ್ತು ಕೈ ಬರಲಿಲ್ಲ. ಫೋನಿನಲ್ಲೇ ಬೈಯಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕಿ, ನಿನ್ನ ಆ ಮೆತ್ತನೆಯ ದನಿಯಲ್ಲಿ ‘ರೇವಾ, ಸ್ವಲ್ಪ ಉಸಿರು ತಗೋ’ ಅನ್ನುತ್ತೀಯ, ನನಗೆ ಸಿಟ್ಟು ನೆತ್ತಿಗೇರಿ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಅದಕ್ಕೇ ಕಾಗದ. ಪೂರ್ತಿ ಓದು. ಆಫೀಸಿನಲ್ಲಿ ನಮ್ಮಂಥವರು ಬರೆದದ್ದನ್ನು ಓದುವ ಹಾಗೆ ಮೇಲಿನ ಸಾಲು, ಕೆಳಗಿನ ಸಾಲು ನೋಡಿ ತಲೆ ಅಲ್ಲಾಡಿಸಬೇಡ.

ನಿನ್ನೆ ಬೆಳಿಗ್ಗೆ ನನ್ನ ತಮ್ಮ ತಾಮತಿ ಹಾಲು ಕರೆಯುವ ಷೆಡ್ಡಿನಲ್ಲಿ ಏನು ಮಾಡುತ್ತಿದ್ದ ಗೊತ್ತೇ? ಕೆಚ್ಚಲು ಬಾವು ಬಂದ ಒಂದು ಹಸುವಿಗೆ ಔಷಧಿ ಚುಚ್ಚಿದ, ಹಿಂಗಾಲಿಗೆ ಗುರುತಿಗೆಂದು ಕೆಂಪು ಪಟ್ಟಿ ಕಟ್ಟಿದ, ಆಮೇಲೆ ನಮ್ಮ ಕಂಪನಿಯ ಯಂತ್ರದ ಪರದೆಯ ಮುಂದೆ ನಿಂತು ಆ ಹಸುವಿನ ಹೆಸರಿನ ಪಕ್ಕದ ‘ಔಷಧಿ’ ಗುಂಡಿ ಒತ್ತಿದ. ಒತ್ತಿ, ಕೈ ತೊಳೆಯುತ್ತಿದ್ದ ಹೆಂಡತಿಯನ್ನು ಕೂಗಿದ. ‘ಏರಿನಾ, ಇಲ್ಲಿ ಬಾ. ನಾನು ಒತ್ತಿದ್ದೀನಿ ತಾನೆ? ನೀನೇ ನೋಡಿ ಹೇಳು.’ ಏರಿನಾ ಬಂದು ನೋಡಿ, ‘ಒತ್ತಿದ್ದೀಯ ಮಾರಾಯಾ’ ಅಂದಳು. ಅವನು ಮತ್ತೆ ಹೋಗಿ ನೋಡಿದ. ಗೊರಸಿನ ಸದ್ದಿನಲ್ಲೇ ಯಾವ ಹಸು ಬರುತ್ತಿದೆ ಎಂದು ಹೇಳುತ್ತಿದ್ದವನು ಅವನು. ಅವನ ಕೈಯ ಮೇಲೆ ಅವನಿಗೇ ನಂಬಿಕೆ ಇಲ್ಲದ ಹಾಗೆ ಮಾಡಿದವಳು ನೀನು.

ಹೌದು, ನೀನೇ. ಯಂತ್ರವಲ್ಲ, ಡೈರಿಯವರಲ್ಲ.

ನಾವಿಬ್ಬರೂ ಇದನ್ನು ಕಲಿತದ್ದು ನೆನಪಿಸಿಕೋ. ಸಂಜೆಯ ತರಗತಿ, ಪೋಕಾಕ್ ಮೇಷ್ಟ್ರು, ಅವರ ಸ್ವೆಟರಿನ ತುಂಬ ಬಿಸ್ಕತ್ತಿನ ಪುಡಿ. ಯುಎಂಎಲ್ ಎಂಬ ಡಬ್ಬ ಮತ್ತು ಬಾಣಗಳ ಭಾಷೆಯನ್ನು ಅವರು ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ಕಲಿಸಿದರು. ವಸ್ತುವೊಂದು ಯಾವ ಯಾವ ಸ್ಥಿತಿಯಲ್ಲಿರಬಹುದೋ ಅವು ಡಬ್ಬಗಳು, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ದಾರಿ ಬಾಣ. ನಾವು ಮನೆಗೆ ಬಂದು ಕಂಡದ್ದನ್ನೆಲ್ಲ ಡಬ್ಬಕ್ಕೆ ಹಾಕಿದೆವು. ಕೆಟಲ್ಲು, ಬಟ್ಟೆ ಒಗೆಯುವ ಯಂತ್ರ, ಕೊನೆಗೆ ನನ್ನ ಅತ್ತೆಯ ಕೋಪ. ಅತ್ತೆಯ ಚಿತ್ರದಲ್ಲಿ ‘ಮುನಿಸು’ ಎಂಬ ಡಬ್ಬದಿಂದ ಹೊರಗೆ ಬರುವ ಬಾಣವೇ ಇಲ್ಲ ಎಂದು ನೀನು ನೆಲದ ಮೇಲೆ ಬಿದ್ದು ನಕ್ಕಿದ್ದೆ. ಆ ಗ್ಲೆನಿಸ್ ಎಲ್ಲಿಗೆ ಹೋದಳು?

ಬಟ್ಟೆ ಒಗೆಯುವ ಯಂತ್ರದ ಅಭ್ಯಾಸ ನಿನಗೆ ಮರೆತಿರಲು ಸಾಧ್ಯವೇ ಇಲ್ಲ. ನೀರು ತುಂಬಿರುವಾಗಲೇ ಬಾಗಿಲು ತೆರೆಯುವ ಒಂದು ತಪ್ಪು ಬಾಣ ನಿನ್ನ ಚಿತ್ರದಲ್ಲಿತ್ತು. ನೀನು ಅದನ್ನು ಅಳಿಸಿದೆ. ಚಿತ್ರ ಚೊಕ್ಕಟವಾಯಿತು. ಮೇಷ್ಟ್ರು ಅದನ್ನು ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದಾಗ ಬಾಗಿಲು ಮತ್ತೆ ತೆರೆದುಕೊಂಡಿತು, ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನೀನು ಕಿವಿಯವರೆಗೆ ಕೆಂಪಾದೆ. ಮೇಷ್ಟ್ರು ನಗದೆ ಹೇಳಿದ್ದರು: ‘ನೋಡಮ್ಮಾ, ನೀನು ಬಾಣಾನ ಚಿತ್ರದಿಂದ ತೆಗೆದೆ ಅಷ್ಟೇ, ಅದರ ಹಿಂದಿರೋ ಮಾಡೆಲ್ಲಿಂದ ತೆಗೀಲಿಲ್ಲ. ಯಂತ್ರ ನಡೆಯೋದು ಮಾಡೆಲ್ ಹೇಳಿದ ಹಾಗೆ. ಚಿತ್ರ ಅಂದ್ರೆ ಕಿಟಕಿ. ಪರದೆ ಎಳೆದ್ರೆ ಹೊರಗಿರೋ ಮರ ಹೋಗ್ಬಿಡುತ್ತಾ? ಪೂರ್ತಿ ತೆಗೆಯೋಕೆ ಬೇರೆ ಆಜ್ಞೆ ಇದೆ.’ ಅವತ್ತು ಮನೆಗೆ ಬಂದು ಆ ಆಜ್ಞೆಯನ್ನು ನೀನು ಹಾಡಿನ ಹಾಗೆ ಹೇಳಿಕೊಂಡು ಓಡಾಡಿದ್ದೆ.

ಆಮೇಲೆ ಪರೀಕ್ಷೆಗಳು ಬಂದವು. ಮೊದಲನೆಯ ಹಂತದ ಸರ್ಟಿಫಿಕೇಟ್ ಇಬ್ಬರಿಗೂ ಒಟ್ಟಿಗೆ ಸಿಕ್ಕಿತು. ನಾನು ಅಲ್ಲಿಗೇ ನಿಂತೆ, ಷೆಡ್ಡುಗಳಿಗೆ ಹೋಗಿ ಯಂತ್ರ ಜೋಡಿಸಿ ಪರೀಕ್ಷಿಸುವ ಕೆಲಸ ನನಗೆ ಹಿಡಿಸಿತು. ನೀನು ಎರಡನೆಯದನ್ನೂ ಮೂರನೆಯದನ್ನೂ ಮುಗಿಸಿದೆ. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ, ನಿನಗೆ ಪಾವ್ಲೋವಾ ಕೇಕು ಮಾಡಿ ಹಣ್ಣು ಜೋಡಿಸಿ ಕೊಟ್ಟವಳು ನಾನು. ಆದರೆ ಆ ಪರೀಕ್ಷೆಗಳಲ್ಲಿ ಏನು ಕೇಳಿದರು? ಬಾಣದ ತುದಿ ಟೊಳ್ಳಾಗಿರಬೇಕೋ ತುಂಬಿರಬೇಕೋ, ಗೆರೆ ತುಂಡು ತುಂಡೋ ಇಡಿಯೋ, ಇಂಥವೇ. ಅಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಭಾಷೆಗೆ ಸರ್ಟಿಫಿಕೇಟ್ ಕೊಟ್ಟರು, ಆ ಚಿತ್ರ ಬರೆಯುವ ಟೂಲಿಗೆ ಕೊಡಲಿಲ್ಲ. ಕಂಪನಿಯಲ್ಲಿ ನೀನು ಮುಖ್ಯಸ್ಥೆಯಾದ ಮೇಲೆ ತಂದ ಮೊದಲ ನಿಯಮವೇ ಇದು: ಮೂರನೆಯ ಹಂತ ಪಾಸಾಗದವರು ಮಾಡೆಲ್ ತೆರೆಯಬಾರದು, ಗೋಡೆಗೆ ಅಂಟಿಸಿದ ಚಿತ್ರ ನೋಡಿದರೆ ಸಾಕು. ನಾವು ನೋಡಿದೆವು. ಎಷ್ಟು ಚೆಂದದ ಚಿತ್ರ ಕಣೇ, ಒಂದು ಬಾಣವೂ ಇನ್ನೊಂದನ್ನು ದಾಟುವುದಿಲ್ಲ.

ಈಗ ತಾಮತಿಯನ್ನು ಈ ಗತಿಗೆ ತಂದ ಬಾಣದ ವಿಷಯಕ್ಕೆ ಬರುತ್ತೇನೆ. ಅದು ಹುಟ್ಟಿದ್ದು ಕೃಷಿ ಪ್ರದರ್ಶನದಲ್ಲಿ, ನನ್ನ ಕಣ್ಣೆದುರಿಗೇ. ಹಸು ಒಳಗೆ ಬರುವಾಗ ಒಂದು ಸಲ, ಹಾಲಿನ ಕೊಳವೆ ಹಾಕುವಾಗ ಇನ್ನೊಂದು ಸಲ ನಮ್ಮ ಯಂತ್ರ ಅದರ ಕಿವಿಯೋಲೆ ಓದುತ್ತದೆ. ಔಷಧಿ ತೆಗೆದುಕೊಂಡ ಹಸುವಾದರೆ ಅದರ ಹಾಲನ್ನು ದೊಡ್ಡ ತೊಟ್ಟಿಗೆ ಬಿಡದೆ ಬೇರೆ ಡ್ರಮ್ಮಿಗೆ ತಿರುಗಿಸುತ್ತದೆ. ಪ್ರದರ್ಶನದ ದಿನ ಮಳೆ, ಕಿವಿಯೋಲೆಗಳ ಮೇಲೆಲ್ಲ ಕೆಸರು. ಎರಡನೆಯ ಸಲ ಓದಲಾಗದೆ ಯಂತ್ರ ನಿಂತು ನಿಂತು ಹೋಗುತ್ತಿತ್ತು, ಜನ ನಗುತ್ತಿದ್ದರು. ನೀನು ಲ್ಯಾಪ್‌ಟಾಪ್ ತೆಗೆದು ಒಂದು ಬಾಣ ಎಳೆದೆ. ಓದಲಾಗದಿದ್ದರೆ ಅದನ್ನು ಮಾಮೂಲಿ ಹಸು ಎಂದುಕೊ, ಮುಂದೆ ಹೋಗು. ‘ಇವತ್ತೊಂದಿನಕ್ಕೆ ಮಾತ್ರ ರೇವಾ, ನಾಳೆ ತೆಗೆದುಬಿಡ್ತೀನಿ’ ಅಂದಿದ್ದೆ. ಮುಂದಿನ ವಾರ ಮೂರನೆಯ ಹಂತದವರ ಸಭೆಯಿಂದ ಹೊರಗೆ ಬಂದು ಹೆಬ್ಬೆರಳು ಎತ್ತಿ ತೋರಿಸಿದೆ. ‘ತೆಗೆದೆ. ಎಲ್ಲರ ಎದುರಿಗೇ, ದೊಡ್ಡ ಪರದೆ ಮೇಲೆ.’

ತೆಗೆದದ್ದು ಎಲ್ಲಿಂದ, ಗ್ಲೆನಿಸ್?

ತಾಮತಿಯ ತೊಟ್ಟಿಯ ಹಾಲಿನಲ್ಲಿ ಔಷಧಿ ಸಿಕ್ಕಿತೆಂದು ಡೈರಿಯವರು ಟ್ಯಾಂಕರ್ ನಿಲ್ಲಿಸಿದಾಗ ನೀನು ಮೊರಿನ್ಸ್‌ವಿಲ್ಲಿನ ಅವನ ಮನೆಗೆ ಬಂದೆ. ಯಾವ ಮೇಜಿನ ಮುಂದೆ ಕೂತು ಏರಿನಾ ಕರಿದುಕೊಟ್ಟ ರೊಟ್ಟಿಯನ್ನು ಸಿರಪ್ಪಿನಲ್ಲಿ ಅದ್ದಿ ‘ಇನ್ನೊಂದು ಹಾಕು’ ಎಂದು ಕೇಳಿ ತಿನ್ನುತ್ತಿದ್ದೆಯೋ, ಅದೇ ಮೇಜಿನ ಮೇಲೆ ನಿನ್ನ ಚಿತ್ರ ಹರಡಿದೆ. ತಾಮತಿ ಪಾಲಿಗೆ ಹಾಲು ಕರೆಯುವ ಜಮೀನಿನ ಒಡೆಯ ಆಲೊವೇಗೆ ಬೆರಳಿಟ್ಟು ತೋರಿಸಿದೆ. ‘ನೋಡಿ, ಔಷಧಿಯ ಡಬ್ಬದಿಂದ ಮಾಮೂಲಿ ಡಬ್ಬಕ್ಕೆ ಬರೋಕೆ ಒಂದೇ ದಾರಿ, ಔಷಧಿಯ ದಿನಗಳು ಮುಗಿಯೋದು. ಬೇರೆ ಬಾಣವೇ ಇಲ್ಲ. ಔಷಧಿ ಕೊಟ್ಟಿದ್ದ ಆ ಹಸು, ಕ್ವೀನಿ, ಇವತ್ತು ಪರದೆ ಮೇಲೆ ಮಾಮೂಲಿ ಹಸು ಅಂತಲೇ ಇದೆ. ಅಂದ್ರೆ ಗುಂಡಿ ಒತ್ತೋಕೆ ಮರೆತಿದ್ದಾರೆ.’ ಕ್ವೀನಿಯ ಕಾಲಿನಲ್ಲಿ ಕೆಂಪು ಪಟ್ಟಿ ಇತ್ತಲ್ಲ ಎಂದು ತಾಮತಿ ಕೇಳಿದ. ‘ಪಟ್ಟಿ ಕಟ್ಟಿದ್ದೀರಿ, ಒಪ್ತೀನಿ. ಒತ್ತೋದು ಮರೆತಿದ್ದೀರಿ. ದಣಿವಲ್ಲಿ ಯಾರಿಗಾದ್ರೂ ಆಗುತ್ತೆ’ ಅಂದೆ ನೀನು. ಎಷ್ಟು ಕರುಣೆ! ಬೈದಿದ್ದರೆ ಅವನು ಜಗಳಕ್ಕಾದರೂ ನಿಲ್ಲುತ್ತಿದ್ದ. ನಿನ್ನ ಕರುಣೆಗೆ ಸೋತು, ‘ಮರೆತಿರಬಹುದೇನೋ’ ಅಂದುಬಿಟ್ಟ.

ಆಲೊವೇ ಅಲ್ಲೇ ಹೇಳಿದ, ಜೂನ್ ಒಂದಕ್ಕೆ ಜಾಗ ಖಾಲಿ ಮಾಡು ಎಂದು. ತೊಟ್ಟಿ ಕೆಡಿಸಿದವನು ಎಂಬ ಹೆಸರು ಹೊತ್ತು ಹೋದವನ ಕೈಗೆ ಈ ಸೀಮೆಯಲ್ಲಿ ಯಾರು ತಮ್ಮ ಹಸುಗಳನ್ನು ಒಪ್ಪಿಸುತ್ತಾರೆ, ಹೇಳು. ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಬರುವುದು ಬೇಕಾಗಿಯೂ ಇರಲಿಲ್ಲ.

ಅವನು ಏನೋ ಮಾತಿಗೆ ‘ಅವತ್ತು ಕ್ವೀನಿ ಕೆಸರಲ್ಲಿ ಹೊರಳಾಡಿಕೊಂಡು ಬಂದಿದ್ಲು ಅಕ್ಕಾ’ ಅಂದ ಕೂಡಲೇ ನನಗೆ ಪ್ರದರ್ಶನದ ಕೆಸರು ನೆನಪಾಯಿತು. ಸೋಮವಾರ ಷೆಡ್ಡಿಗೆ ಹೋದೆ. ಕ್ವೀನಿಗೆ ಈಗ ಔಷಧಿ ಇಲ್ಲ. ಆದರೂ ತಾಮತಿಯಿಂದಲೇ ಗುಂಡಿ ಒತ್ತಿಸಿದೆ. ಔಷಧಿಯ ಹಸು ಎಂದು ಪರದೆ ಕೆಂಪಾಯಿತು, ನಾನು, ತಾಮತಿ, ಏರಿನಾ ಮೂವರೂ ನೋಡಿದೆವು. ಹಸು ಒಳಗೆ ಬಂತು, ಯಂತ್ರ ಅದರ ಓಲೆಯನ್ನು ಒಂದು ಸಲ ಓದಿತು. ನಾನು ಒಂದು ಹಿಡಿ ಕೆಸರು ತೆಗೆದು ಅದರ ಕಿವಿಗೆ ಮೆತ್ತಿದೆ. ಕ್ವೀನಿ ನನ್ನನ್ನು ಒದೆಯಲು ನೋಡಿತು. ಕೊಳವೆ ಹಾಕುವ ಜಾಗಕ್ಕೆ ಬಂದಾಗ ಯಂತ್ರ ಎರಡನೆಯ ಸಲ ಓದಲು ಹೋಯಿತು, ಆಗಲಿಲ್ಲ. ಕೆಂಪು ಆರಿ ಹಸಿರಾಯಿತು. ಹಾಲು ನೇರ ತೊಟ್ಟಿಯ ಕೊಳವೆಗೆ ಹೋಯಿತು. ಪರದೆಯ ಮೇಲೆ ಕ್ವೀನಿ ಮಾಮೂಲಿ ಹಸುವಾಗಿ, ಏನೂ ಆಗಿಲ್ಲವೆಂಬಂತೆ ನಿಂತಿತ್ತು.

ಏರಿನಾ ಬಾಯಿಗೆ ಬಂದದ್ದನ್ನೆಲ್ಲ ಬೈದಳು, ಇಲ್ಲಿ ಬರೆಯುವುದಿಲ್ಲ. ತಾಮತಿ ಬೈಯಲಿಲ್ಲ. ಹಸಿರು ದೀಪದ ಮೇಲೆ ಬೆರಳಿಟ್ಟ. ಆಮೇಲೆ ಚಿಕ್ಕ ಮಗುವಿನ ಹಾಗೆ ಕೇಳಿದ: ‘ಹಾಗಾದ್ರೆ ನಾನು ಒತ್ತಿದ್ದೆನಾ ಅಕ್ಕಾ?’

ಒತ್ತಿದ್ದೆ ಕಣೋ ಅಂದೆ. ಅವನು ಕ್ವೀನಿಯ ಬೆನ್ನಿಗೆ ಹಣೆ ಒತ್ತಿಕೊಂಡು ಅತ್ತ. ನಮ್ಮ ಅಪ್ಪ ತೀರಿಕೊಂಡಾಗಲೂ ಎಲ್ಲರನ್ನೂ ಸಮಾಧಾನ ಮಾಡುತ್ತ ಓಡಾಡಿದವನು ಅವನು.

ಅಲ್ಲಿಂದ ಆಫೀಸಿಗೆ, ನಿನ್ನ ಕೋಣೆಗೆ ಬಂದೆ. ಆಗಲೂ ನನಗೆ ನಿನ್ನ ಮೇಲೆ ಇಷ್ಟು ಸಿಟ್ಟಿರಲಿಲ್ಲ, ನಂಬು. ತಪ್ಪು ಯಾರಿಗೂ ಆಗುತ್ತದೆ. ಕಂಡದ್ದನ್ನು ಹೇಳಿದೆ, ನೀನು ಮಾಡೆಲ್ ತೆರೆದೆ. ಚಿತ್ರದ ಪಕ್ಕದಲ್ಲಿರುವ ಪಟ್ಟಿಯನ್ನು ಬಿಚ್ಚಿ ಬಿಚ್ಚಿ ಕೆಳಗೆ ಹೋದೆ, ಅಲ್ಲಿತ್ತು ನಿನ್ನ ಬಾಣ. ಯಾವ ಚಿತ್ರದಲ್ಲೂ ಇಲ್ಲ, ಮಾಡೆಲ್ಲಿನಲ್ಲಿ ಭದ್ರವಾಗಿ ಕೂತಿತ್ತು. ಷೆಡ್ಡುಗಳಿಗೆ ಹೋಗುವ ಪ್ರೋಗ್ರಾಮು ತಯಾರಾಗುವುದು ಚಿತ್ರದಿಂದಲ್ಲ, ಮಾಡೆಲ್ಲಿನಿಂದ. ನಿನ್ನ ಮುಖ ಬಿಳುಚಿಕೊಂಡಿತು. ಈಗ ಎದ್ದು ಕಾರಿನ ಕೀಲಿ ತೆಗೆದುಕೊಳ್ಳುತ್ತಾಳೆ, ನೇರ ತಾಮತಿಯ ಮನೆಗೆ ಹೋಗುತ್ತಾಳೆ ಎಂದುಕೊಂಡೆ. ನೀನು ಎದ್ದು ಬಾಗಿಲು ಮುಚ್ಚಿದೆ.

ನೀನು ಆಡಿದ ಮಾತು ಒಂದೊಂದೂ ನೆನಪಿದೆ. ‘ಶುಕ್ರವಾರ ಹೊಸ ಆವೃತ್ತಿ ಎಲ್ಲ ಷೆಡ್ಡಿಗೂ ಕಳಿಸ್ತೀನಿ. ಯಾರಿಗೂ ಗೊತ್ತಾಗದ ಹಾಗೆ ಸರಿಹೋಗುತ್ತೆ. ಮುಂದಿನ ತಿಂಗಳು ನಾನೇ ಸರ್ಟಿಫಿಕೇಟ್ ಪರೀಕ್ಷಕಳಾಗ್ತಿದ್ದೀನಿ ರೇವಾ, ಇದು ಹೊರಗೆ ಬಂದ್ರೆ ನನ್ನ ಮುಖಕ್ಕೆ ಉಗೀತಾರೆ.’ ತಾಮತಿಯ ಗತಿ ಏನು ಎಂದು ಕೇಳಿದೆ. ನೀನು ಕಿಟಕಿಯ ಕಡೆ ನೋಡುತ್ತ ಹೇಳಿದೆ: ‘ಜೂನ್ ಒಂದಕ್ಕೆ ಪಾಲಿಗೆ ಹಾಲು ಕರೆಯೋರೆಲ್ಲ ಹೇಗೂ ಜಮೀನು ಬದಲಾಯಿಸ್ತಾರಲ್ಲ?’

ಬದಲಾಯಿಸುತ್ತಾರೆ, ನಿಜ. ಪಾಲಿನ ವರ್ಷ ಮುಗಿಯುವ ಆ ದಿನ ರಸ್ತೆ ತುಂಬ ಹಸುಗಳು, ಟ್ರೇಲರಿನಲ್ಲಿ ಹಾಸಿಗೆ, ನಾಯಿ, ಕೋಳಿ. ಹೊಸ ಜಮೀನು ಕಾದಿದೆ ಎಂದು ಹೋಗುತ್ತಾರೆ ಅವರು. ನನ್ನ ತಮ್ಮನಿಗೆ ಎಲ್ಲಿಯ ಜಮೀನು ಕಾದಿದೆ? ಆ ಮಾತನ್ನು ಬಾಯಿಂದ ಹೊರಗೆ ಬಿಡಲು ನಿನಗೆ ನಾಚಿಕೆ ಆಗಲಿಲ್ಲವೇ? ಅಳಿಸುವ ಆಜ್ಞೆ ತಪ್ಪಿದ್ದನ್ನು ನಾನು ಎಂದೋ ಕ್ಷಮಿಸಿಬಿಡುತ್ತಿದ್ದೆ. ತಿಳಿದ ಮೇಲೆ ನೀನು ಬಾಗಿಲು ಮುಚ್ಚಿದೆಯಲ್ಲ, ಅದನ್ನು ಕ್ಷಮಿಸಲಾರೆ. ಆ ಬಾಣವನ್ನು ಮಾಡೆಲ್ಲಿನಿಂದ ಕಿತ್ತುಹಾಕಲು ಈ ಸಲ ನಿನ್ನ ಕೈ ಎಷ್ಟು ಸರಿಯಾಗಿ ಆಡಿತು! ನಾನು ಕುರ್ಚಿಯಿಂದ ಏಳುವ ಮೊದಲೇ ಅಳಿಸಿದ್ದೆ. ಮೇಷ್ಟ್ರು ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ಆದರೆ ಒಂದು ವಿಷಯ ಕೇಳು. ಶುಕ್ರವಾರ ನಿನ್ನ ಹೊಸ ಆವೃತ್ತಿ ಎಲ್ಲ ಷೆಡ್ಡಿಗೂ ಹೋಗಲಿ, ಹೋಗಲೇಬೇಕು, ಉಳಿದವರ ಹಾಲು ಕೆಡಬಾರದು. ತಾಮತಿಯ ಷೆಡ್ಡಿಗೆ ಮಾತ್ರ ಬರುವುದಿಲ್ಲ. ಅಲ್ಲಿಯ ಇಂಟರ್ನೆಟ್ ತಂತಿ ಕಿತ್ತು ನನ್ನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಆ ಷೆಡ್ಡಿನ ಯಂತ್ರದಲ್ಲಿ ನಿನ್ನ ಬಾಣ ಇನ್ನೂ ಜೀವಂತವಾಗಿದೆ. ಶನಿವಾರ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಆಲೊವೇಯನ್ನೂ ಡೈರಿಯ ಅಧಿಕಾರಿಯನ್ನೂ ಬರಹೇಳಿದ್ದೇನೆ. ಅವರಿಗೆ ಡಬ್ಬ, ಬಾಣ ಏನೂ ವಿವರಿಸುವುದಿಲ್ಲ. ಕೆಂಪು ಹಸಿರಾಗುವುದನ್ನು ನೋಡಲು ಯಾವ ಹಂತದ ಸರ್ಟಿಫಿಕೇಟೂ ಬೇಡ.

ಕೆಸರು ಮೆತ್ತಲು ನನಗೆ ಬರುತ್ತದೆ. ಆದರೂ ನಿನ್ನನ್ನು ಕರೆಯುತ್ತಿದ್ದೇನೆ. ನೀನೇ ಬಂದು, ನಿನ್ನ ಕೈಯಿಂದಲೇ ಕ್ವೀನಿಯ ಕಿವಿಗೆ ಕೆಸರು ಹಚ್ಚು. ದೀಪ ಹಸಿರಾದ ಮೇಲೆ ತಾಮತಿಯ ಮುಖ ನೋಡಿ, ‘ನೀನು ಒತ್ತಿದ್ದೆ’ ಎಂದು ಹೇಳು. ಅಷ್ಟೇ ಸಾಕು. ಉಳಿದ ಮಾತು ನಾನು ಆಡುವುದಿಲ್ಲ, ಮೂಲೆಯಲ್ಲಿ ನಿಂತಿರುತ್ತೇನೆ. ಅವನು ನನ್ನಿಂದ ಕೇಳಿಯಾಗಿದೆ, ಅಕ್ಕ ಅಲ್ಲವೇ, ಸಮಾಧಾನಕ್ಕೆ ಹೇಳಿದ್ದಾಳೆ ಎಂದು ಇನ್ನೂ ಏರಿನಾಳನ್ನು ಕೂಗಿ ಕರೆಯುತ್ತಲೇ ಇದ್ದಾನೆ. ಅವನ ಕೈ ಅವನಿಗೆ ವಾಪಸ್ಸು ಸಿಗಬೇಕಾದರೆ ಕಿತ್ತುಕೊಂಡವಳೇ ಕೊಡಬೇಕು.

ಗಂಬೂಟು ತರಬೇಡ, ನಿನ್ನ ಹಳೆಯ ಜೊತೆ ಅವರ ಬಾಗಿಲ ಬಳಿ ಇನ್ನೂ ಇದೆ. ಏರಿನಾ ಅದನ್ನು ಎಸೆಯಲು ಹೋಗಿದ್ದಳು, ತಾಮತಿ ಬಿಡಲಿಲ್ಲ.

ನಿನಗೆ ಒಳ್ಳೆಯದಾಗಲಿ ಎಂಬ ಸಾಲನ್ನು ಶನಿವಾರ ನೋಡಿಕೊಂಡು ಬರೆಯುತ್ತೇನೆ.

ಒಂದು ಕಾಲದಲ್ಲಿ ನಿನ್ನ ಜೊತೆ ಬಾಣ ಎಳೆಯಲು ಕಲಿತ,
ರೇವಾ