ಹೆಬ್ಬಲಸಿನೊಳಗಿನ ಮೊಳೆ

ಮಾರ್ಚ್ ೩, ಬೆಳಿಗ್ಗೆ. ಘಟಪ್ರಭಾ
"ತಂಗಿ ಶಿವಗಂಗವ್ವಾ, ಹೇಗಿದ್ದೀ? ಸೊಂಟದ ಎಲುಬು ಕೂಡಿತೇ? ನಿನ್ನ ಯಜಮಾನರು ಹೊಳೆಪ್ಪನವರ ಕೆಮ್ಮು? ಸೊಸೆ ಶೈಲಾ ಆರಾಮೇ? ನಿಮ್ಮೂರ ದೇವರಕಾಡು ಕಡಿದವನ ಹೆಸರು ಗೊತ್ತಾಯಿತೇ? ಆ ಮರಗಳು ಮಳೆ ನೀರನ್ನು ಮಣ್ಣಲ್ಲಿ ಹಿಡಿದಿಟ್ಟು ಬೇಸಿಗೆಯೆಲ್ಲ ಜಿನುಗಿಸುತ್ತಿದ್ದವು. ಆ ನೀರು ದಡ್ಡಿ ಊರು ದಾಟಿ ನಮ್ಮ ಹೊಳೆಗೂ ಬರುತ್ತಿತ್ತು. ಈ ವರ್ಷ ಸಂಕ್ರಾಂತಿಗೇ ಝರಿ ನಿಂತಿತು. ದೂರದಿಂದ ಕೊಡ ಹೊತ್ತು ತರುವಾಗ ನೀನು ಬಿದ್ದೆ. ಕಡಿದವನು ಸಿಗಲಿ. ಬಿಡುವುದಿಲ್ಲ."
ಕಾಗದದ ಕಚ್ಚಾ ಇಲ್ಲಿ ಬರೆದಾಯಿತು. ಚೊಕ್ಕ ಮಾಡಿ ಅಂಚೆಗೆ ಹಾಕಬೇಕು. ಉಳಿ ಮಸೆಯಬೇಕು.

ಮಾರ್ಚ್ ೫
ಅಣ್ಣನ ಮಗ ಬಾಳೇಶ ಬಂದಿದ್ದ. ಮೂಡಲಗಿಯಲ್ಲಿ ಹೊಸ ಮನೆ. ಟ್ರ್ಯಾಕ್ಟರಿನಲ್ಲಿ ಹೆಬ್ಬಲಸಿನ ದೊಡ್ಡ ದಿಮ್ಮಿ.
"ಕಾಕಾ, ತಲಬಾಗಲಾ ನಿಮ್ಮ ಕೈಲೇ ಆಗಬೇಕ ನೋಡ್ರಿ."
"ಕಟ್ಟಿಗಿ ಎಲ್ಲಿಂದ ತಂದಿಯೋ?"
"ನೀವು ಬಡಿಗ್ಯಾರೋ, ಪೊಲೀಸರೋ?"
ನಕ್ಕೆ. ದಿಮ್ಮಿಯ ಮೇಲೆ ಅರಣ್ಯ ಇಲಾಖೆಯ ಮುದ್ರೆ ಇಲ್ಲ. ನೋಡಿದೆ. ಮನೆಯ ಹುಡುಗ ಅಂತ ಇಳಿಸಿಕೊಂಡೆ.

ಮಾರ್ಚ್ ೯, ಮಧ್ಯಾಹ್ನ
ಗರಗಸದ ಹಲ್ಲು ಮುರಿಯಿತು. ಮರದೊಳಗೆ ಕಬ್ಬಿಣ. ಉಳಿಯಿಂದ ಸುತ್ತ ಕೆತ್ತಿ ನೋಡಿದೆ… ಚೌಕ ತಲೆಯ ಮೊಳೆ, ಗಂಟೆಯ ಕೊಂಡಿ. ನಾನೇ ಹೊಡೆದದ್ದು. ಶಿವಗಂಗವ್ವನಿಗೆ ಮಗ ಹುಟ್ಟಿದಾಗ, ಹರಕೆಯ ಗಂಟೆ ಕಟ್ಟಲು, ದೇವರಕಾಡಿನ ಮರಕ್ಕೆ. ಮೂವತ್ತೆಂಟು ವರ್ಷ ಮರ ಅದನ್ನು ಒಳಗಿಟ್ಟುಕೊಂಡಿತ್ತು.


ಮಾರ್ಚ್ ೧೦
ಬಾಳೇಶನಿಗೆ ಫೋನು ಮಾಡಿದೆ. ನಯವಾಗಿಯೇ.
"ನಿಮ್ಮ ಅತ್ತೀ ಊರಾಗ ಝರಿ ಬತ್ತೇತಿ, ಗೊತ್ತೈತೇನು?"
"ಬೋರ್ ಹೊಡಸಿಕೊಡ್ತೇನಿ ತಗೋರಿ. ಇನ್ನ ನಲವತ್ತ ಗಿಡ ಅದಾವ ಅಲ್ಲೆ, ಯುಗಾದಿ ಆದಮ್ಯಾಲ ತೆಗ್ಯೋದು. ನಿಮಗೂ ಒಂದ ಮಂಚ ಆಗತೈತಿ ಕಾಕಾ."
ಮಂಚ! ತಂಗಿ ಹಾಸಿಗೆ ಹಿಡಿದಿದ್ದಾಳೆ, ಇವನು ನನಗೆ ಮಂಚ ಕೊಡುತ್ತಾನಂತೆ.

ಮಾರ್ಚ್ ೧೯. ಹುಕ್ಕೇರಿಯಿಂದ ಬಂದು
ಚೌಕಟ್ಟು ಮುಗಿಯಿತು. ಇಷ್ಟು ಚೆಂದದ ಬಳ್ಳಿ ಎಂದೂ ಕೆತ್ತಿಲ್ಲ. ಮೇಲಿನ ಪಟ್ಟಿಯ ನಡುವೆ ಮೊಳೆ ಹಾಗೇ ಬಿಟ್ಟಿದ್ದೇನೆ.
ಅರಣ್ಯ ಕಚೇರಿಯಲ್ಲಿ ಎಲ್ಲ ಹೇಳಿದೆ. ಸಾಹೇಬರು ಕೇಳಿದರು, "ದಿಮ್ಮಿ ಕೊಯ್ದವರ್ಯಾರು ಅಜ್ಜಾರ?"
"ನಾನ ರೀ."
"ಹಂಗಾದ್ರ ಕೇಸಿನ್ಯಾಗ ನಿಮ್ಮ ಹೆಸರೂ ಬರತೈತಿ."
"ಮೊದಲ ನಂದ ಬರಕೋರಿ. ಕೆಳಗ ಅವಂದು. ಸೋಮವಾರ ಹತ್ತಕ್ಕ ಬಾಗಲಾ ಪೂಜಿ ಐತಿ. ಆವಾಗ ಬರ್ರಿ, ಬೀಗರೆಲ್ಲ ಕೂಡಿರತಾರ."

ಮಾರ್ಚ್ ೨೪, ಹತ್ತಕ್ಕೆ ಐದು ನಿಮಿಷ. ಮೂಡಲಗಿ
"ತಂಗೀ, ಚೌಕಟ್ಟಿಗೆ ಅರಿಶಿನ ಹಚ್ಚಿದರು. ಬಾಳೇಶ ನನಗೆ ಶಾಲು ಹೊದಿಸಿದ. 'ನಮ್ಮ ಕಾಕಾನ ಕೈ ನೋಡ್ರಿ' ಅಂತ ಬೀಗರಿಗೆಲ್ಲ ತೋರಿಸುತ್ತಿದ್ದಾನೆ. ಯಾರೋ ಮೊಳೆಗೂ ಕುಂಕುಮವಿಟ್ಟು ಕೈ ಮುಗಿದರು. ಹೊಟ್ಟೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ — ಇನ್ನೂ ಉರಿಯುತ್ತಿದೆ. ನನ್ನನ್ನೂ ಒಯ್ದರೆ ಗಾಬರಿಯಾಗಬೇಡ. ತಿರುವಿನಲ್ಲಿ ಜೀಪು ಕಂಡಿತು. ಶೈಲಾಳನ್ನು ದೇವರಕಾಡಿಗೆ ಕಳಿಸಿ ಉಳಿದ ಮರ ಎಣಿಸಲು ಹೇಳು, ಬೇಗ ಕಾಗದ ಬರಿ, ನಲವತ್ತೂ ಇನ್ನೂ ನಿಂತಿ—