ಒಂಬತ್ತು ಇಲಿಗಳ ವಿಳಾಸ

ಬಂದರು ಕಚೇರಿಯ ದಾಖಲೆ ಕೋಣೆ,
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆಗಿ ಮೂರೇ ವಾರ, ಆಗಲೇ ಅಕ್ಕನ ಕಣ್ಣು ತಪ್ಪಿಸಿ ಮೆಟ್ಟಿಲಿಳಿಯುತ್ತೀರಂತೆ, ವರದಿ ಬಂದಿದೆ. ಡಾಕ್ಟರು ಬೇಡವೆಂದದ್ದನ್ನು ಬೇಡವೆಂದೇ ತಿಳಿಯಿರಿ. ನಾವಿಲ್ಲಿ ಚೆನ್ನಾಗಿದ್ದೇವೆ.

ಹಳೆಯ ಪ್ಲೇಗಿನ ಬಗ್ಗೆ ನಮ್ಮ ಕಚೇರಿ ಒಂದು ಪ್ರದರ್ಶನ ಇಡುತ್ತಿದೆ. ದಾಖಲೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದಿದಷ್ಟೂ ಕುತೂಹಲ ಹೆಚ್ಚುತ್ತಿದೆ. ಧಾನ್ಯದ ಹಡಗಿನ ಇಲಿಗಳ ಜೊತೆ ರೋಗ ಇಳಿಯಿತು. ಮೊದಲು ಗೋದಾಮಿನಲ್ಲಿ ಇಲಿ ಸಾಯುತ್ತಿತ್ತು. ಅದರ ಮೈಮೇಲಿನ ಚಿಗಟ ಹಸಿದು ಮನುಷ್ಯರಿಗೆ ಹತ್ತುತ್ತಿತ್ತು. ಹತ್ತು ಹನ್ನೆರಡು ದಿನಕ್ಕೆ ಹಿಂದಿನ ಬೀದಿಯಲ್ಲಿ ಯಾರಿಗೋ ಜ್ವರ, ಕಂಕುಳಲ್ಲಿ ಗಡ್ಡೆ. ಬೇರೆ ಬಂದರುಗಳ ವರದಿಗಳಲ್ಲೂ ಇದೇ ಸರದಿ. ಅದಕ್ಕೇ ಸತ್ತ ಪ್ರತಿ ಇಲಿಯ ಬಾಲಕ್ಕೆ, ಅದು ಸಿಕ್ಕ ಜಾಗದ ಚೀಟಿ ಕಟ್ಟಿ ಪರೀಕ್ಷೆಗೆ ಕಳಿಸುತ್ತಿದ್ದರು. ರೋಗದ ಇಲಿ ಸಿಕ್ಕ ಬೀದಿಯವರನ್ನೆಲ್ಲ ಊರಾಚೆಯ ಶೆಡ್ಡುಗಳಿಗೆ ಸಾಗಿಸಿ, ಮನೆಗಳ ಹೆಂಚು ತೆಗೆದು ಬಿಸಿಲು ಬಿಡುತ್ತಿದ್ದರು. ಆ ಚೀಟಿಗಳನ್ನು ಬರೆದು ರಿಜಿಸ್ಟರಿಗೆ ಏರಿಸುತ್ತಿದ್ದವರು ನಿಮ್ಮ ಅಜ್ಜ. “ಇಲಿಗಳಿಗೂ ವಿಳಾಸ ಬರೆದಿಟ್ಟಿದ್ದಾರಲ್ಲಮ್ಮ, ನನಗೆ ವಿಳಾಸ ಇದ್ದೂ ಒಂದು ಕಾಗದ ಬರಲ್ಲ” ಎಂದು ನಮ್ಮ ಜವಾನ ನಗುತ್ತಾನೆ.

“ನಮ್ಮಜ್ಜ ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಿ ಬೀದೀನ ಉಳಿಸಿದ ಕಣೇ, ಒಂದು ಮನೇನೂ ಖಾಲಿ ಮಾಡಿಸೋಕೆ ಬಿಡಲಿಲ್ಲ” ಎಂದು ನೀವು ಎದೆಯುಬ್ಬಿಸಿ ಹೇಳುತ್ತಿದ್ದಿರಲ್ಲ, ಅದರಲ್ಲಿ ಮಣ್ಣೆರಚಿದ್ದು ಮಾತ್ರ ನಿಜ. ನಮ್ಮ ಬೀದಿಯಲ್ಲಿ ಸಿಕ್ಕ ಒಂಬತ್ತು ಇಲಿಗಳನ್ನು ಅವರು ಗೋದಾಮಿನವು ಎಂದು ಬರೆದಿದ್ದರು. ಒಂದು ತಿಂಗಳಾದ ಮೇಲೆ ಆ ಒಂಬತ್ತು ಸಾಲುಗಳಲ್ಲೂ ಗೋದಾಮನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ನಮ್ಮ ಬೀದಿಯ ಹೆಸರು ಬರೆದು, ಒಂದೊಂದಕ್ಕೂ ರುಜು ಹಾಕಿದ್ದಾರೆ. ಅಕ್ಷರ ಅವರದೇ. ಅಷ್ಟರಲ್ಲಿ ಬೀದಿಯಲ್ಲಿ ಹನ್ನೊಂದು ಜನ ಸತ್ತಿದ್ದರು, ಅವರಿಗೆಲ್ಲ ರೋಗ ಗೋದಾಮಿನಲ್ಲೇ ಹತ್ತಿತೆಂದು ಅಧಿಕಾರಿಗಳು ನಂಬಿದ್ದರು. ತಿದ್ದಿದ ಮರುದಿನವೇ ಬೀದಿ ಖಾಲಿ ಮಾಡಿಸಿದರು, ಎರಡು ವಾರದೊಳಗೆ ಸಾವು ನಿಂತಿತು. ಸುಳ್ಳು ಬರೆದದ್ದಕ್ಕೆ ಅಜ್ಜನ ಕೆಲಸವೂ ಹೋಯಿತು. ಯಾರೂ ಹಿಡಿದಿರಲಿಲ್ಲ, ಹಿಡಿಯುವಂತೆಯೂ ಇರಲಿಲ್ಲ. ಹಾಗಿದ್ದೂ ತಾವಾಗಿ ಯಾಕೆ ತಿದ್ದಿದರು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ.

ಮಾತ್ರೆ ತಪ್ಪಿಸಬೇಡಿ. ಅಕ್ಕ, ಭಾವನಿಗೆ ನನ್ನ ನೆನಪು ಹೇಳಿ. ಮಕ್ಕಳಿಗೆ ಒಂದೊಂದು ಮುತ್ತು, ತುಂಟನಿಗೆ ಎರಡು.

ನಿಮ್ಮ
ಚಿಕ್ಕವಳು

ವಿ.ಸೂ.: ತಿದ್ದಿದ ತಾರೀಖನ್ನು ಆಸ್ಪತ್ರೆಯ ಸಾವಿನ ಪಟ್ಟಿಯೊಡನೆ ಇಟ್ಟು ನೋಡಿದೆ. ಅದರ ಹಿಂದಿನ ದಿನದ ಹೆಸರು, ಹನ್ನೊಂದನೆಯದು, ನಿಮ್ಮ ಅಜ್ಜಿಯದು. ವಯಸ್ಸು ಇಪ್ಪತ್ತಾರು. ಕಾರಣ ಪ್ಲೇಗು, ಮನೆಯಲ್ಲಿ ಹೇಳುತ್ತಿದ್ದ ಹಾಗೆ ಬಾಣಂತಿ ಜ್ವರವಲ್ಲ. ಆ ಕೆಂಪು ಶಾಯಿಯ ಪುಟವನ್ನು ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಡಬೇಕು, ಕೆಳಗೆ ಅಜ್ಜನ ಹೆಸರೂ ಇರಬೇಕು ಎಂದು ನನಗೆ ಆಸೆ. ಬರುವ ವಾರ ಶನಿವಾರ ಪೆಟ್ಟಿಗೆ ಮುಚ್ಚುತ್ತಾರೆ. ಬೇಡವೆನ್ನಿಸಿದರೆ ಫೋನ್ ಮಾಡಿ. ಮಾಡದಿದ್ದರೆ ಒಪ್ಪಿಗೆಯೆಂದು ತಿಳಿಯುವುದಿಲ್ಲ, ಅದಕ್ಕೆ ಮುಂಚಿನ ಗುರುವಾರದ ಬಸ್ಸಿಗೆ ನಾನೇ ಬಂದು ಕೇಳುತ್ತೇನೆ.