ಜಾಲಿ ಎದ್ದ ಹೊಲದ ನವಣೆ

ಹೊಸಹಳ್ಳಿ
೨೬ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ದುರ್ಗಾ,

ನಿನಗೆ ನಿನ್ನ ಅತ್ತೆಯ ಆಶೀರ್ವಾದ, ಕೂಸಿಗೆ ಒಂದು ಮುತ್ತು. ಮೈಗೆ ಹೇಗಿದೆ? ಸೊಂಟದ ನೋವು ಇಳಿಯಿತೇ? ಕಿವಿಗೆ ಬಟ್ಟೆ ಕಟ್ಟದೆ ಅಂಗಳಕ್ಕೆ ಬರಬೇಡ. ಇದನ್ನೆಲ್ಲ ನಿನ್ನ ಅವ್ವನಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳುತ್ತೇನೆ. ಕೂಸು ರಾತ್ರಿ ಯಾರನ್ನೂ ಮಲಗಗೊಡುವುದಿಲ್ಲವಂತೆ. ಅವಳ ಅಪ್ಪನೂ ಹಾಗೇ ಇದ್ದ. ಈಗ ನೋಡು, ಎಬ್ಬಿಸಿದರೂ ಏಳುವುದಿಲ್ಲ.

ಫೋನು ಬಿಟ್ಟು ಇದೇನು ಕಾಗದ ಎನ್ನಬೇಡ. ಫೋನು ಮಾಡಿದರೆ ನಿನ್ನ ಅವ್ವ ಸ್ಪೀಕರ್ ಹಾಕುತ್ತಾಳೆ, ನಿಮ್ಮೂರು ಹೊಳಲಿನ ಅರ್ಧ ಓಣಿ ಸುತ್ತ ಕೂರುತ್ತದೆ. ನನಗೆ ನಿನ್ನೊಬ್ಬಳಿಗೇ ಹೇಳುವುದಿದೆ. ಹೆರಿಗೆಯಾಗುವ ತನಕ ನಿನ್ನ ಕಿವಿಗೆ ಬೀಳಬಾರದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನನ್ನಂಥವಳು ಇಷ್ಟು ದಿನ ಸುಮ್ಮನಿರುವುದು ಹೆರಿಗೆಗಿಂತ ಕಡಿಮೆ ಕಷ್ಟವೇನಲ್ಲ.

ಕೆರೆ ಪಕ್ಕದ ನಿನ್ನ ಒಂದೆಕರೆಯ ವಿಷಯ. ಗೊಬ್ಬರದ ಚೀಲ ಬೇಡ, ಔಷಧಿ ಬೇಡ, ಒಂದು ವರ್ಷ ನನ್ನ ಕೈಗೆ ಬಿಡಿ ಎಂದು ಗಂಡನ ಹತ್ತಿರ ಹಟ ಹಿಡಿದು ತೆಗೆದುಕೊಂಡೆಯಲ್ಲ. 'ಬೆಳಿ ಬರ್ಲಿಲ್ಲಂದ್ರ ಅದಕ್ಕೂ ಮೆಕ್ಕೆಜೋಳನ' ಎಂದು ನನ್ನ ಮಗ ಪಾಲಾಕ್ಷ ನಿನ್ನಿಂದ ಮಾತು ತೆಗೆದುಕೊಂಡಿದ್ದ. ಬೇಸಿಗೆಯಲ್ಲಿ ನೀನು ಕುರಿಗಾರ ಹುಲುಗಣ್ಣನ ಕುರಿ ತರುಬಿಸಿದೆ. ರಾತ್ರಿಯೆಲ್ಲ ಹಿಂಡು ಹೊಲದಲ್ಲೇ ಮಲಗಿ ಒಳ್ಳೆಯ ಗೊಬ್ಬರ ಬಿತ್ತು. ನವಣೆಯ ನಡುವೆ ತೊಗರಿ, ಅಲಸಂದೆ ಸೇರಿಸಿ ಬಿತ್ತಿಸಿ, ಸೀಮಂತದ ಕುಪ್ಪಸ ಮುಗಿಸಿಕೊಂಡು ತವರಿಗೆ ಹೋದೆ. ಎಲ್ಲ ಸರಿ. ಆದರೆ ಆ ಕುರಿ ಹಗಲು ಎಲ್ಲಿ ಮೇಯ್ದು ಬಂದಿದ್ದವು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿಯ ಕಾಯಿ ತಿಂದಿದ್ದವು. ಆ ಬೀಜ ಕುರಿಯ ಹೊಟ್ಟೆಯಲ್ಲಿ ಕರಗದೆ, ಹಿಕ್ಕೆಯ ಜೊತೆ ಬಂದು ಹೊಲದಲ್ಲಿ ಕುಳಿತಿತ್ತು.

ನೀನು ಹೋದ ಮುಂದಿನ ವಾರ ಹದವಾದ ಮಳೆಯಾಯಿತು. ಹೋಗಿ ನೋಡಿದರೆ ನವಣೆಗಿಂತ ಜಾಲಿಯೇ ಹೆಚ್ಚು ಎದ್ದಿದೆ. 'ಎರ್ರೆಮ್ಮನ ಸೊಸಿ ಮುಳ್ಳಿನ ಬೆಳಿ ತಗದಾಳ' ಎಂದು ಊರು ನಕ್ಕಿತು. ಪಾಲಾಕ್ಷ ಕಳೆ ಸಾಯುವ ಔಷಧಿ ತಂದೇಬಿಟ್ಟ. 'ಎಲ್ಲಾ ಸುಟ್ಟು ಮೆಕ್ಕೆಜೋಳ ಹಾಕ್ತೀನವ್ವ, ಆಕಿಗೆ ನಾ ಹೇಳ್ಕೊಂತೀನಿ' ಎಂದ. ನನಗೆ ಸಿಟ್ಟು ನೆತ್ತಿಗೇರಿತು. ನಿನ್ನ ಬೇಸಾಯದ ಮೇಲೆ ನನಗೆ ಅಷ್ಟೇನೂ ನಂಬಿಕೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಬಸುರಿ ಬಿತ್ತಿಸಿ ಹೋದ ಹೊಲವನ್ನು ಅವಳ ಬೆನ್ನ ಹಿಂದೆ ಸುಡುವುದೆಂದರೇನು? ಡಬ್ಬಿ ಕಿತ್ತುಕೊಂಡು ಟ್ರಂಕಿನಲ್ಲಿಟ್ಟು ಕೀಲಿ ಸೆರಗಿಗೆ ಕಟ್ಟಿಕೊಂಡೆ. ನನ್ನ ಒಳ್ಳೆಯ ಸೀರೆಗಳೆಲ್ಲ ಇನ್ನೂ ಅದೇ ವಾಸನೆ ಹೊಡೆಯುತ್ತಿವೆ.

ಜಾಲಿ ಇನ್ನೂ ಎಳೆಯದಾಗಿದ್ದು ನೆಲ ಹಸಿ ಇದ್ದರೆ ಬೇರು ಸಮೇತ ಬರುತ್ತದೆ. ನೆಲ ಆರಿತೋ, ಮೇಲಿನದು ಮುರಿದು ಕೆಳಗಿನದು ಮತ್ತೆ ಚಿಗುರುತ್ತದೆ. ಸಾಲಿನ ನಡುವೆ ಕುಂಟೆ ಹೊಡೆಸಿದೆ; ಸಾಲಿನೊಳಗಿನದನ್ನು ಕೈಯಿಂದಲೇ ಕೀಳಬೇಕಿತ್ತು. ಪಕ್ಕದ ಹೊಲದ ಮಾಳಮ್ಮನ ಮನೆಗೆ ಹೋಗಿ ಮುಯ್ಯಾಳು ಕೇಳಿದೆ: ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾನು ನಿಮ್ಮ ಹೊಲಕ್ಕೆ. ಅವಳು ಓಣಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಂದಳು. ಹುಲುಗಣ್ಣನನ್ನೂ ನಾನು ಬಿಡಲಿಲ್ಲ. 'ಯಮ್ಮಾ, ಕುರಿ ತಿಂದದ್ದಕ್ಕ ನನ್ಯಾಕ ಹಿಡಿತಿ' ಎಂದು ಗೊಣಗುತ್ತಲೇ ಅವನೂ ಬಗ್ಗಿದ. ಹಸಿ ಆರುವುದರೊಳಗೆ ಹೊಲ ಹಸನಾಯಿತು. ನನ್ನ ಸೊಂಟ ಮಾತ್ರ ಬಹಳ ದಿನ ನೆಟ್ಟಗಾಗಲಿಲ್ಲ, ಅದನ್ನು ನಿನಗಲ್ಲದೆ ಯಾರಿಗೆ ಹೇಳಿಕೊಳ್ಳಲಿ.

ಆಮೇಲೆ ಮಳೆ ಕೈಕೊಟ್ಟಿತು. ಪಾಲಾಕ್ಷನ ಮೆಕ್ಕೆಜೋಳ ಎಲೆ ಸುತ್ತಿಕೊಂಡು ನಿಂತಿತು. ನಿನ್ನ ಹೊಲದಲ್ಲಿ ಅಲಸಂದೆ ನೆಲ ಮುಚ್ಚಿ ಹಬ್ಬಿತ್ತು. ಬಳ್ಳಿ ಸರಿಸಿ ಮುಟ್ಟಿದರೆ ಮಣ್ಣು ತಂಪು. ಮತ್ತೆ ಮಳೆ ಬರುವ ತನಕ ನವಣೆ ತಡೆದುಕೊಂಡಿತು. ದಸರೆಯ ಹೊತ್ತಿಗೆ ತೆನೆ ತೂಗಿ ಬಾಗಿದ್ದವು, ದುರ್ಗಾ. ಬದುವಿನ ಮೇಲೆ ನಿಂತು ನಾನು ಅತ್ತುಬಿಟ್ಟೆ, ಅಷ್ಟು ಸಂತೋಷವಾಯಿತು. ಮೊನ್ನೆ ಕೊಯ್ಲು ಮುಗಿಯಿತು. ತೊಗರಿ ಇನ್ನೂ ಹೂವಿನಲ್ಲಿದೆ. ಅಂದು ನಕ್ಕವರೇ ಇಂದು ಬೀಜ ಕೇಳಿಕೊಂಡು ಬರುತ್ತಿದ್ದಾರೆ.

ನಿನ್ನ ಗಂಡನ ಕಥೆ ಕೇಳು. ಜಾಲಿ ಎದ್ದಾಗ ಅದು 'ಆಕಿ ಹೊಲ', ತೆನೆ ಬಂದ ಮೇಲೆ 'ನಮ್ಮ ಹೊಲ'. ಬಂದವರಿಗೆಲ್ಲ ತಾನೇ ಮುಂದೆ ನಿಂತು ತೋರಿಸುತ್ತಾನೆ. ನಿನ್ನೆ ಉಣ್ಣಲು ಕುಳಿತಾಗ ಮೆಲ್ಲಗೆ, 'ಯವ್ವಾ, ಉಳಿದ ಹೊಲಕ್ಕೂ ಆಗೋವಷ್ಟು ಬೀಜ ಐತೇನು' ಎಂದ. ನಾನು ಕೇಳಿಸದವಳಂತೆ ಇನ್ನೊಂದು ರೊಟ್ಟಿ ಹಾಕಿದೆ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ: ಬೀಜದ ತೆನೆ ಆರಿಸುವವಳೇ ಮುಂದಿನ ವರ್ಷ ಯಾವ ಹೊಲಕ್ಕೆ ಏನು ಎಂದು ಹೇಳುವವಳು. ಅಂಗಡಿಯ ಬೀಜ ಬಂದ ಮೇಲೆ ಆ ಮಾತು ಗಂಡಸರ ಕಡೆ ಹೋಯಿತು. ಆದರೂ ಮನೆಯ ಬೀಜಕ್ಕೆ ನಾನು ಬೇರೆಯವರ ಕೈ ತಾಗಗೊಟ್ಟವಳಲ್ಲ. ಮದುವೆಯಾಗಿ ಬಂದ ವರ್ಷ ನೀನು ತೆನೆಗೆ ಕೈ ಹಾಕಿ ನನ್ನಿಂದ ಬೈಸಿಕೊಂಡದ್ದು ನೆನಪಿರಬೇಕು.

ಪಾಲಾಕ್ಷನ ಕೈಯಲ್ಲಿ ಹೊಸ ನವಣೆ, ತುಪ್ಪ ಕಳಿಸಿದ್ದೇನೆ. ಬೀಗರಿಗೆಲ್ಲ ನಮಸ್ಕಾರ ತಿಳಿಸು. ನೀನೂ ಕೂಸೂ ತಣ್ಣಗಿರಿ.

ನಿನ್ನ ಅತ್ತೆ
ಎರ್ರೆಮ್ಮ

ತಾ.ಕ.: ಪಾಲಾಕ್ಷ ಗಾಡಿ ಚಾಲೂ ಮಾಡಿ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ತೆನೆ ಸಮೇತ ಕಟ್ಟಿದ ಒಳ್ಳೆಯ ನವಣೆಯ ಸಿವುಡುಗಳನ್ನು ಬಡಿಯದೆ ನಡುಮನೆಯ ತೊಲೆಗೆ ಕಟ್ಟಿಸಿಟ್ಟಿದ್ದೇನೆ. ಈ ಸಲ ಬೀಜದ ತೆನೆ ನಾನು ಆರಿಸಿಲ್ಲ, ಆರಿಸುವುದೂ ಇಲ್ಲ. ನೀನು ಬಂದ ಮೇಲೆ ಕೆಳಗಿಳಿಸಿ, ಕುಳಿತು ಆರಿಸು. ಯಾವ ಹೊಲಕ್ಕೆ ಏನು ಎಂದು ಪಾಲಾಕ್ಷ ನಿನ್ನನ್ನೇ ಕೇಳಲಿ. ನೀನು ಆರಿಸಿ ಮುಗಿಸುವ ತನಕ ಕೂಸನ್ನು ನಾನು ಎತ್ತಿಕೊಂಡಿರುತ್ತೇನೆ.